ಹಲ್ಲು ಬಿಳಿಯಾಗಬೇಕು ಸರಿ, ಅದಕ್ಕೆ ಎಷ್ಟು ಹಲ್ಲು ಸವೆಸಬೇಕು?

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಮುಂಡರಗಿ ಕಡೆಯ ಹುಡುಗ ಹುಡುಗಿಯರು ಗುಂಪಾಗಿ ಫೋಟೋಗೆ ನಿಂತಾಗ ಗಮನಿಸಿ. ಎಷ್ಟೋ ಜನ ತುಟಿ ಬಿಗಿದುಕೊಂಡೇ ನಗುತ್ತಾರೆ. ಜೋರಾಗಿ ನಗು ಬಂದರೆ ಕೈ ತಾನಾಗೇ ಬಾಯಿಗೆ ಅಡ್ಡ ಹೋಗುತ್ತದೆ. ಕಾರಣ ಹಲ್ಲಿನ ಮೇಲಿನ ಕಂದು ಕಲೆ. ಸರಿಯಾಗಿ ಉಜ್ಜದೆ ಬಂದ ಕಲೆ ಅಲ್ಲ ಅದು. ಊರಿನ ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್ ಜಾಸ್ತಿ ಇತ್ತು, ಚಿಕ್ಕಂದಿನಲ್ಲಿ ಅದನ್ನೇ ಕುಡಿದರು, ಅಷ್ಟೇ. ತಪ್ಪು ನೀರಿನದು, ನಾಚಿಕೆ ಮಾತ್ರ ಮಕ್ಕಳ ಪಾಲಿಗೆ.

ಈ ಮಕ್ಕಳು ಓದಿ ಬೆಂಗಳೂರಿಗೆ ಬರುತ್ತಾರೆ. ಇಂಟರ್‌ವ್ಯೂ, ಆಫೀಸು, ಆಮೇಲೆ ಮದುವೆ ಮಾತುಕತೆ. ಮೊಬೈಲ್ ತೆಗೆದರೆ ‘ಸ್ಮೈಲ್ ಡಿಸೈನ್’ ಜಾಹೀರಾತು. ಎರಡೇ ಭೇಟಿ, ಎಂಟು ಹಲ್ಲಿನ ಪ್ಯಾಕೇಜು, ಇಎಂಐ ಸೌಲಭ್ಯ. ಇವರು ಅಲ್ಲಿಗೆ ಹೋಗುವುದು ಶೋಕಿಗಲ್ಲ. ಬಾಯಿ ತುಂಬ ನಗಬೇಕು ಅನ್ನೋ ಆಸೆಗೆ. ಹಾಗಾಗಿ ‘ಅಂದಚೆಂದಕ್ಕೆ ಯಾಕೆ ದುಡ್ಡು ಸುರಿಯಬೇಕು’ ಅನ್ನುವ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ನನ್ನ ತಕರಾರು ಬೇರೆ. ಹಲ್ಲು ಚೆಂದ ಮಾಡುವ ಚಿಕಿತ್ಸೆಗಳಲ್ಲಿ ಹಲ್ಲನ್ನು ಸವೆಸದೇ ಮಾಡುವಂಥವಿವೆ, ಕೂದಲೆಳೆಯಷ್ಟು ಸವೆಸುವಂಥವಿವೆ, ಮೂರರಲ್ಲಿ ಎರಡು ಪಾಲು ಹಲ್ಲನ್ನೇ ಕೆತ್ತಿ ತೆಗೆಯುವಂಥವೂ ಇವೆ. ಕಡಿಮೆ ಸವೆಸುವುದರಿಂದ ಶುರು ಮಾಡಿ, ಬೇಕಾದರೆ ಮಾತ್ರ ಮುಂದಕ್ಕೆ ಹೋಗಬೇಕು. ಬಹಳ ಕಡೆ ಮಾರಾಟ ನಡೆಯುತ್ತಿರುವುದು ಉಲ್ಟಾ ದಿಕ್ಕಿನಿಂದ. ಇಪ್ಪತ್ತೆರಡರ ಹುಡುಗಿಗೆ ಮೊದಲ ಭೇಟಿಯಲ್ಲೇ ಕ್ಯಾಪ್ ಲೆಕ್ಕ ಹೇಳುತ್ತಾರೆ.

ಹೋದರೆ ಬಾರದ ಪದರ

ಹಲ್ಲಿನ ಹೊರಪದರ ಎನಾಮಲ್. ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು ಇದು. ತೂಕದಲ್ಲಿ ಶೇ. 96ರಷ್ಟು ಬರೀ ಖನಿಜ. ಇದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡು ಸೀಳಿ ಹೊರಗೆ ಬರುವಷ್ಟರಲ್ಲಿ ಇಲ್ಲವಾಗಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಕೊಯ್ದರೆ ಮಾಯುತ್ತದೆ, ಎನಾಮಲ್ ಹೋದರೆ ಮಾತ್ರ ಹೋಯಿತು. ಮುಂದಿನ ಹಲ್ಲಿನ ಮೇಲೆ ಇದರ ದಪ್ಪ ಎಷ್ಟು ಗೊತ್ತಾ? ತುದಿಯ ಕಡೆ ಸುಮಾರು 1 ಮಿಲಿಮೀಟರ್. ಒಸಡಿನ ಹತ್ತಿರ ಅರ್ಧ ಮಿಲಿಮೀಟರೂ ಇರುವುದಿಲ್ಲ.

ಎನಾಮಲ್ ಬೆಳಕನ್ನು ಒಳಕ್ಕೆ ಬಿಡುತ್ತದೆ. ಅದರ ಒಳಗಿರುವ ಡೆಂಟಿನ್ ಹುಟ್ಟಾ ತಿಳಿಹಳದಿ. ಆ ಹಳದಿಯೇ ಹೊರಗೆ ಸ್ವಲ್ಪ ಇಣುಕುತ್ತದೆ. ಅಂದರೆ ಆರೋಗ್ಯವಾಗಿರುವ ಹಲ್ಲು ಸುಣ್ಣದಷ್ಟು ಬೆಳ್ಳಗಿರುವುದೇ ಇಲ್ಲ. ವಯಸ್ಸಾಗುತ್ತ ಎನಾಮಲ್ ಸವೆದು ಹಳದಿ ಇನ್ನಷ್ಟು ಕಾಣುತ್ತದೆ.

ಇನ್ನು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲಿಗೆ ಬರುವ ಕಲೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸೈರಿಸಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ದವಡೆಯೊಳಗೆ ಹಲ್ಲು ಕಟ್ಟುತ್ತಿರುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಈ ನೀರು ಕುಡಿದರೆ ಎನಾಮಲ್ ಟೊಳ್ಳುಟೊಳ್ಳಾಗಿ ಕೂಡುತ್ತದೆ. ದೊಡ್ಡವರಾದ ಮೇಲೆ ಆ ಊರಿಗೆ ಹೋಗಿ ನೆಲೆಸಿದವರ ಹಲ್ಲಿಗೆ ಈ ಕಲೆ ಬರುವುದಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಫ್ಲೋರೋಸಿಸ್ ಹಲ್ಲು ಹುಟ್ಟುವಾಗ ಕಂದಾಗಿರುವುದಿಲ್ಲ. ಸೀಮೆಸುಣ್ಣದ ಹಾಗೆ ಮಂಕು ಬಿಳಿಯಾಗಿ ಹುಟ್ಟುತ್ತದೆ. ಆಮೇಲೆ ಆ ಸಣ್ಣ ತೂತುಗಳೊಳಗೆ ಬಣ್ಣ ಇಳಿದು ಕಂದಾಗುತ್ತದೆ. ಹೊರಗಿನಿಂದ ಇಳಿದ ಬಣ್ಣ ಆದ್ದರಿಂದ, ಎಷ್ಟೋ ಸಲ ಹಲ್ಲನ್ನು ಕೆತ್ತದೇ ಅದನ್ನು ತೆಗೆಯಲು ಸಾಧ್ಯ.

ಮೊದಲು ಕ್ಲೀನಿಂಗ್, ಆಮೇಲೆ ಬಾಕಿ ಮಾತು

ಎಲೆಅಡಿಕೆ, ಗುಟ್ಕಾ, ಟೀ, ಸಿಗರೇಟಿನ ಕಲೆ ಹಲ್ಲಿನ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಸ್ಕೇಲಿಂಗ್ ಮತ್ತು ಪಾಲಿಶಿಂಗ್ ಮಾಡಿಸಿದರೆ ಸಾಕು. ಎಷ್ಟೋ ಜನಕ್ಕೆ ಇಲ್ಲಿಗೇ ಕೆಲಸ ಮುಗಿದುಹೋಗುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ, ಸಂದಿ ಬೀಳುತ್ತೆ’ ಅನ್ನುವ ಮಾತು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಆಗುವುದು ಇಷ್ಟು: ವರ್ಷಗಟ್ಟಲೆ ಕಟ್ಟಿದ ಗಾರೆ ಹಲ್ಲಿನ ಸಂದಿ ತುಂಬಿರುತ್ತದೆ. ಅದರ ಕೆಳಗೆ ಒಸಡು, ಮೂಳೆ ಆಗಲೇ ಕರಗಿರುತ್ತವೆ. ಗಾರೆ ತೆಗೆದಾಗ ಮುಚ್ಚಿದ್ದ ಸಂದಿ ಕಾಣುತ್ತದೆ. ಸಂದಿ ಮಾಡಿದ್ದು ಗಾರೆ. ಕ್ಲೀನಿಂಗ್ ಅದನ್ನು ತೋರಿಸಿತು ಅಷ್ಟೇ. ಎರಡು ಮೂರು ದಿನ ತಣ್ಣೀರಿಗೆ ಚುಳ್ ಅನ್ನಬಹುದು.

ನಿಂಬೆಹಣ್ಣು-ಉಪ್ಪು, ಇದ್ದಿಲ ಪುಡಿ, ತರಿತರಿಯಾದ ಕೆಂಪು ಹಲ್ಲುಪುಡಿ ಹಾಕಿ ಉಜ್ಜುವ ಸಲಹೆಗಳು ರೀಲ್ಸ್‌ನಲ್ಲಿ ಓಡಾಡುತ್ತಿವೆ. ದಯವಿಟ್ಟು ಬೇಡ. ನಿಂಬೆಯ ಹುಳಿ ಎನಾಮಲ್ಲನ್ನು ಕರಗಿಸುತ್ತದೆ, ತರಿ ಅದನ್ನು ಕೆರೆಯುತ್ತದೆ. ಮೊದಲ ವಾರ ಹೊಳೆದಂತೆ ಕಂಡ ಹಲ್ಲು ಕೆಲವು ವರ್ಷಕ್ಕೆ ಮೊದಲಿಗಿಂತ ಹಳದಿಯಾಗುತ್ತದೆ. ಕಾರಣ ಮೇಲೆ ಹೇಳಿದೆನಲ್ಲ, ಒಳಗಿನ ಡೆಂಟಿನ್.

ಬ್ಲೀಚಿಂಗ್: ಫೋಟೋ ತೆಗೆದ ಕ್ಷಣ ಮತ್ತು ವಾರದ ನಂತರ

ಬ್ಲೀಚಿಂಗ್‌ನಲ್ಲಿ ಕೆಲಸ ಮಾಡುವುದು ಹೈಡ್ರೋಜನ್ ಪೆರಾಕ್ಸೈಡ್. ಅದು ಎನಾಮಲ್ ಒಳಗೆ ಹೊಕ್ಕು ಬಣ್ಣದ ಅಣುಗಳನ್ನು ಒಡೆಯುತ್ತದೆ. ಎರಡು ರೀತಿ ಮಾಡುತ್ತಾರೆ. ಒಂದು, ಕ್ಲಿನಿಕ್ಕಿನಲ್ಲೇ ಒಸಡಿಗೆ ರಕ್ಷಣೆ ಹಚ್ಚಿ, ಶೇ. 25ರಿಂದ 40ರಷ್ಟು ಗಾಢ ಜೆಲ್ ಹಾಕಿ, ಒಂದು ಗಂಟೆ ಕೂರಿಸಿ ಮಾಡುವುದು. ಇನ್ನೊಂದು, ಬಾಯಿಯ ಅಳತೆ ತೆಗೆದು ಪಾರದರ್ಶಕ ಟ್ರೇ ಮಾಡಿಸಿ, ಮನೆಯಲ್ಲಿ ರಾತ್ರಿ ಹೊತ್ತು ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿಕೊಳ್ಳುವುದು. ಇದು 1989ರಿಂದ ಬಳಕೆಯಲ್ಲಿದೆ. ಎರಡು ಮೂರು ವಾರ ಬೇಕು. ಫ್ಲೋರೋಸಿಸ್ ಇದ್ದರೆ ಇನ್ನೂ ಜಾಸ್ತಿ.

ನನ್ನ ಆಯ್ಕೆ ಕೇಳಿದರೆ ನಿಧಾನದ ದಾರಿ, ಅಂದರೆ ಟ್ರೇ. ಚುಳುಕು ಕಡಿಮೆ, ಬೇಡ ಅನ್ನಿಸಿದಾಗ ನಿಲ್ಲಿಸಬಹುದು, ಟ್ರೇ ಕೈಯಲ್ಲೇ ಇರುವುದರಿಂದ ವರ್ಷದ ನಂತರ ನಾಲ್ಕು ದಿನ ಹಾಕಿಕೊಂಡರೆ ಬಣ್ಣ ಮತ್ತೆ ತಿಳಿಯಾಗುತ್ತದೆ.

ಕ್ಲಿನಿಕ್ಕಿನಲ್ಲಿ ಮಾಡಿದ ತಕ್ಷಣ ತೆಗೆಯುವ ‘ಮೊದಲು-ಆಮೇಲೆ’ ಫೋಟೋ ಬಗ್ಗೆ ಒಂದು ಮಾತು. ಒಂದು ಗಂಟೆ ಬಾಯಿ ತೆರೆದು ಕೂತಾಗ ಹಲ್ಲು ಒಣಗುತ್ತದೆ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಎಂಜಲಿನಲ್ಲಿ ನೆಂದು ಕೆಲವು ದಿನಕ್ಕೆ ಒಂದು ಬಣ್ಣಕ್ಕೆ ನಿಲ್ಲುತ್ತದೆ. ನಿಮಗೆ ಸಿಕ್ಕ ಫಲ ಅದು, ಫೋಟೋದಲ್ಲಿ ಕಂಡದ್ದಲ್ಲ.

ಬ್ಲೀಚಿಂಗ್ ನಿಮ್ಮ ಸ್ವಂತ ಹಲ್ಲನ್ನು ಮಾತ್ರ ಬಿಳಿ ಮಾಡುತ್ತದೆ. ಹಳೆಯ ಕ್ಯಾಪ್, ಸಿಮೆಂಟು ಇದ್ದ ಬಣ್ಣದಲ್ಲೇ ಉಳಿಯುತ್ತವೆ. ಮೊದಲು ಬ್ಲೀಚಿಂಗ್, ಆಮೇಲೆ ಹೊಸ ಬಣ್ಣಕ್ಕೆ ಹೊಂದುವ ಫಿಲ್ಲಿಂಗ್, ಈ ಕ್ರಮ ತಪ್ಪಬಾರದು. ಎರಡರ ನಡುವೆ ಸುಮಾರು ಎರಡು ವಾರ ಬಿಡಬೇಕು, ಇಲ್ಲದಿದ್ದರೆ ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟು ಹಿಡಿಯಲು ಬಿಡುವುದಿಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು ಸದ್ಯಕ್ಕೆ ಮುಂದೂಡುವುದು ಒಳ್ಳೆಯದು. ಬ್ಯೂಟಿ ಪಾರ್ಲರಿನಲ್ಲಿ, ಮಾಲ್‌ನ ಸ್ಟಾಲಿನಲ್ಲಿ ಇದನ್ನು ಮಾಡಿಸಿಕೊಳ್ಳಬೇಡಿ. ಗಾಢ ಜೆಲ್ ಒಸಡಿಗೆ ತಾಗಿದರೆ ಸುಡುತ್ತದೆ. ಹುಳುಕು ಹಲ್ಲಿನೊಳಗೆ ಇಳಿದರೆ ನೋವು ತಡೆಯಲಾಗುವುದಿಲ್ಲ.

ಕೆತ್ತದೇ ಕಲೆ ತೆಗೆಯುವ ಎರಡು ದಾರಿ

ಫ್ಲೋರೋಸಿಸ್ ಇರುವವರು ಮುಖ್ಯವಾಗಿ ತಿಳಿಯಬೇಕಾದದ್ದು ಇಲ್ಲಿದೆ. ಜಾಹೀರಾತಿನಲ್ಲಿ ಇವುಗಳ ಹೆಸರು ಕಾಣುವುದು ಅಪರೂಪ.

ಮೈಕ್ರೋಅಬ್ರೇಶನ್ ಅಂತ ಒಂದಿದೆ. ಹದವಾದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣ್ಣನೆ ಪುಡಿ ಕಲಸಿದ ಪೇಸ್ಟಿನಿಂದ ಕಲೆಯ ಜಾಗವನ್ನು ಮಾತ್ರ ಉಜ್ಜುತ್ತಾರೆ. ಹೋಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲು. ಮೇಲ್ಪದರದಲ್ಲಿರುವ ಕಂದು ಕಲೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಬ್ಲೀಚಿಂಗ್ ಕೂಡಿಸಿದರೆ ಇನ್ನೂ ಚೆನ್ನ.

ಎರಡನೆಯದು, ತೆಳು ಪ್ಲಾಸ್ಟಿಕ್ಕಿನಂಥ ದ್ರವವನ್ನು ಹಲ್ಲಿನ ತೂತುಗಳಿಗೆ ಇಳಿಸುವ ರೆಸಿನ್ ಇನ್‌ಫಿಲ್ಟ್ರೇಶನ್. ಜರ್ಮನಿಯ ಡಿಎಂಜಿ ಕಂಪನಿಯ ಐಕಾನ್ ಅನ್ನುವ ಉತ್ಪನ್ನ 2009ರಲ್ಲಿ ಬಂದ ಮೇಲೆ ಇದು ಹರಡಿತು. ಇದು ನಡೆಯುವ ರೀತಿ ನೋಡಲು ಚೆಂದ. ಬಾಯಿಗೆ ತೆಳು ರಬ್ಬರ್ ಹಾಳೆ ಹಾಕಿ, ಬೇಕಾದ ಹಲ್ಲುಗಳಷ್ಟೇ ಹೊರಗೆ ಕಾಣುವಂತೆ ಮಾಡುತ್ತಾರೆ. ಮಂಕು ಬಿಳಿ ಮಚ್ಚೆಯ ಮೇಲೆ ಆಮ್ಲದ ಜೆಲ್ ಹಚ್ಚಿ ಎರಡು ನಿಮಿಷ ಬಿಟ್ಟು ತೊಳೆಯುತ್ತಾರೆ. ಫ್ಲೋರೋಸಿಸ್ ಹಲ್ಲಿನ ಮೇಲ್ಮೈ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಹಾಗಾಗಿ ಎರಡು ಮೂರು ಸಲ ಮಾಡಬೇಕಾಗುತ್ತದೆ. ಆಮೇಲೆ ಆಲ್ಕೋಹಾಲಿನ ಒಂದು ಹನಿ. ಆ ಹನಿ ಬಿದ್ದ ಕ್ಷಣ ಡಾಕ್ಟರು ಮಚ್ಚೆಯನ್ನೇ ನೋಡುತ್ತಾರೆ. ಮಚ್ಚೆ ಮಾಸಿದರೆ ಮುಂದೆ ಹಾಕುವ ರೆಸಿನ್ ಕೂಡ ಒಳಗೆ ಇಳಿಯುತ್ತದೆ ಅಂತ ಅರ್ಥ. ಮಾಸದಿದ್ದರೆ ಮತ್ತೊಮ್ಮೆ ಜೆಲ್. ಕೊನೆಗೆ ನೀರಿನಷ್ಟು ತೆಳುವಾದ ರೆಸಿನ್ ಸುರಿದು, ಅದು ತೂತುಗಳೊಳಗೆ ಹೀರಿಕೊಂಡ ಮೇಲೆ ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಸೂಜಿ ಇಲ್ಲ, ಡ್ರಿಲ್ ಇಲ್ಲ.

ಬಣ್ಣ ಬಳಿಯದೆಯೇ ಮಚ್ಚೆ ಹೇಗೆ ಹೋಯಿತು? ಬೆಳಕಿನ ಆಟ ಅದು. ಉಜ್ಜಿದ ಮಂಕು ಗಾಜಿನ ಮೇಲೆ ನೀರು ಬಿದ್ದರೆ ಆಚೆ ಬದಿ ಕಾಣುತ್ತದಲ್ಲ, ಹಾಗೆ. ಗಟ್ಟಿ ಎನಾಮಲ್ಲಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಸುಮಾರು 1.62, ಗಾಳಿಯದು 1. ಟೊಳ್ಳುಗಳಲ್ಲಿ ಗಾಳಿ ಇದ್ದಾಗ ಬೆಳಕು ಚೆದುರಿ ಬಿಳಿಯಾಗಿ ಕಾಣುತ್ತದೆ. 1.5ರ ಆಸುಪಾಸಿನ ರೆಸಿನ್ ತುಂಬಿದಾಗ ಬೆಳಕು ಸಲೀಸಾಗಿ ದಾಟುತ್ತದೆ. ಮಚ್ಚೆ ಸುತ್ತಲಿನ ಹಲ್ಲಿನಲ್ಲಿ ಕರಗಿಹೋಗುತ್ತದೆ.

ಎಲ್ಲರಿಗೂ ಇದು ಸಾಲುವುದಿಲ್ಲ. ಮಚ್ಚೆ ಆಳವಾಗಿದ್ದರೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ. ಗುಳಿ ಬಿದ್ದು ಅಂಚು ಉದುರುತ್ತಿರುವ ಹಲ್ಲಿಗೆ ಮುಂದಿನ ಹೆಜ್ಜೆ ಬೇಕೇ ಬೇಕು. ಆದರೆ ನಡುಮಟ್ಟದ ಕಲೆ ಇರುವ ಎಷ್ಟೋ ಜನಕ್ಕೆ ಇಷ್ಟರಲ್ಲೇ ನೆಮ್ಮದಿ ಸಿಗುತ್ತದೆ.

ಬಾಂಡಿಂಗ್, ವೆನಿಯರ್, ಕ್ಯಾಪ್

ಹಲ್ಲಿನ ಬಣ್ಣದ ಕಾಂಪೋಸಿಟ್ (ರೆಸಿನ್ನಿನ ಸಿಮೆಂಟು) ಅಂಟಿಸಿ ಆಕಾರ ಕೊಡುವುದು ಬಾಂಡಿಂಗ್. ಮುರಿದ ತುದಿ, ಹಲ್ಲಿನ ನಡುವಿನ ಸಂದಿ, ಫ್ಲೋರೋಸಿಸ್ ಗುಳಿ, ಎಲ್ಲಕ್ಕೂ ಆಗುತ್ತದೆ. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಹಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ. ಖರ್ಚು ಹಲ್ಲಿಗೆ ಕೆಲವು ಸಾವಿರ. ದೌರ್ಬಲ್ಯವೂ ಇದೆ: ಕಾಫಿ, ಟೀ, ಸಾಂಬಾರಿನ ಅರಿಶಿನಕ್ಕೆ ಬಣ್ಣ ಹಿಡಿಯುತ್ತದೆ, ಅಂಚು ಉದುರುತ್ತದೆ, ಐದಾರು ವರ್ಷಕ್ಕೆ ಮತ್ತೆ ಮಾಡಿಸಬೇಕು. ಆದರೂ ಇಪ್ಪತ್ತರ ವಯಸ್ಸಿನವರಿಗೆ ಇದೇ ಮೊದಲ ಆಯ್ಕೆ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಟ್ಟರೆ ರಿಪೇರಿ ಆಗುತ್ತದೆ. ಕೆಳಗೆ ನಿಮ್ಮ ಹಲ್ಲು ಹಾಗೇ ಇರುತ್ತದೆ.

ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಬಿಲ್ಲೆಯೇ ಪಿಂಗಾಣಿ ವೆನಿಯರ್. ಇದು ಮೂಲತಃ ಹಾಲಿವುಡ್‌ನ ಕೂಸು. 1920ರ ದಶಕದ ಕೊನೆಗೆ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯರು ಶೂಟಿಂಗ್ ಹೊತ್ತಿಗೆ ನಟರ ಹಲ್ಲಿನ ಮೇಲೆ ಕೂರಿಸಿ ತೆಗೆಯುವ ತೆಳು ಬಿಲ್ಲೆ ಮಾಡಿದ್ದರು. ಕಾಯಂ ಆಗಿ ಅಂಟಿಸುವುದು ಸಾಧ್ಯವಾದದ್ದು 1980ರ ದಶಕದಲ್ಲಿ. ಇವತ್ತು ಇದಕ್ಕೆ ಹಲ್ಲಿನ ಮುಂಭಾಗವನ್ನು ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ಸವೆಸುತ್ತಾರೆ. ಎನಾಮಲ್ ದಪ್ಪದ ಲೆಕ್ಕ ನೆನಪಿಸಿಕೊಳ್ಳಿ. 0.3 ಅಂದರೆ ಎನಾಮಲ್ ಒಳಗೇ ಇದ್ದೀರಿ. 0.7 ಅಂದರೆ ಒಸಡಿನ ಹತ್ತಿರ ಡೆಂಟಿನ್ ತೆರೆದುಕೊಂಡಿದೆ. ವೆನಿಯರ್ ಎನಾಮಲ್ಲಿಗೆ ಹಿಡಿದಷ್ಟು ಗಟ್ಟಿಯಾಗಿ ಡೆಂಟಿನ್ನಿಗೆ ಹಿಡಿಯುವುದಿಲ್ಲ. ಚೆನ್ನಾಗಿ ಮಾಡಿದ ವೆನಿಯರ್ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಮೀರಿ ಬಾಳುತ್ತದೆ. ಟೀ ಕಲೆ ಹಿಡಿಯುವುದಿಲ್ಲ. ತೀವ್ರ ಫ್ಲೋರೋಸಿಸ್ ಇರುವವರ ಬದುಕನ್ನೇ ಬದಲಿಸಿದ ಚಿಕಿತ್ಸೆ ಇದು. ನಾನು ಅದರ ವಿರೋಧಿಯಲ್ಲ. ಫ್ಲೋರೋಸಿಸ್ ಹಲ್ಲಿಗೆ ಅಂಟು ಹಿಡಿಸಲು ಬೇರೆ ಎಚ್ಚರಿಕೆ ಬೇಕು, ಅಂಥ ಕೇಸು ಮಾಡಿ ಅನುಭವ ಇದೆಯಾ ಅಂತ ಕೇಳಿ.

ಕ್ಯಾಪ್ ಹಾಗಲ್ಲ. ಹಲ್ಲನ್ನು ಸುತ್ತಲೂ ಕೆತ್ತಿ ಗೂಟದ ಹಾಗೆ ಮಾಡಿ ಮೇಲೆ ಜಿರ್ಕೋನಿಯಾ ಅಥವಾ ಪಿಂಗಾಣಿ ಟೊಪ್ಪಿಗೆ ಹಾಕುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ತೂಕ ಹಾಕಿಯೇ ನೋಡಿದೆ. ಒಸಡಿನ ಮೇಲೆ ಕಾಣುವ ಹಲ್ಲಿನಲ್ಲಿ ವೆನಿಯರಿನಂಥ ಕೆಲಸಕ್ಕೆ ಹೋಗುವುದು ಶೇ. 3ರಿಂದ 30, ಪೂರ್ತಿ ಕ್ಯಾಪ್‌ಗೆ ಶೇ. 63ರಿಂದ 72. ರೂಟ್ ಕೆನಾಲ್ ಆದ, ಒಡೆದುಹೋದ ಹಲ್ಲಿಗೆ ಕ್ಯಾಪ್ ವರದಾನ. ಗಟ್ಟಿಮುಟ್ಟಾದ ಹಲ್ಲಿಗೆ ಬರೀ ಬಣ್ಣಕ್ಕೋಸ್ಕರ ಹಾಕುವುದು ನನ್ನ ಪ್ರಕಾರ ಅನ್ಯಾಯ. ಇಪ್ಪತ್ತೆರಡಕ್ಕೆ ಹಾಕಿಸಿದ ಕ್ಯಾಪ್ ಹದಿನೈದು ವರ್ಷ ಬಾಳಿತು ಅಂತಲೇ ಇಟ್ಟುಕೊಳ್ಳಿ. ಮೂವತ್ತೇಳಕ್ಕೆ ಒಮ್ಮೆ, ಐವತ್ತೆರಡಕ್ಕೆ ಒಮ್ಮೆ, ಅರವತ್ತೇಳಕ್ಕೆ ಒಮ್ಮೆ ಬದಲಿಸಬೇಕು. ಪ್ರತಿ ಸಲ ಹಲ್ಲು ಇನ್ನಷ್ಟು ಸಣ್ಣಗಾಗುತ್ತದೆ. ಕೆಲವರಿಗೆ ನಡುವೆ ಒಳಗಿನ ನರ ಸತ್ತು ರೂಟ್ ಕೆನಾಲ್ ಕೂಡ ಬರುತ್ತದೆ. ಬ್ರಿಟನ್ನಿನಿಂದ ಅಗ್ಗದ ಹಲ್ಲಿಗಾಗಿ ಟರ್ಕಿಗೆ ಹಾರಿದ ಯುವಕರು ವೆನಿಯರ್ ಅಂದುಕೊಂಡು ಇಂಥ ಗೂಟ ಮಾಡಿಸಿಕೊಂಡು ಬಂದದ್ದು ಅಲ್ಲಿ ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲೂ ‘ವೆನಿಯರ್’ ಹೆಸರಿನಲ್ಲಿ ಕ್ಯಾಪ್ ಹಾಕಿಸಿಕೊಂಡವರಿದ್ದಾರೆ. ಹಲ್ಲಿನ ಹಿಂಭಾಗವನ್ನೂ ಕೆತ್ತುತ್ತೀರಾ ಅಂತ ಒಂದು ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ. ಕೆತ್ತುತ್ತೇವೆ ಅಂದರೆ ಅದು ಕ್ಯಾಪ್.

ವೆನಿಯರ್ ಮಾಡಿಸುವುದೇ ಆದರೆ, ಕೆತ್ತುವ ಮೊದಲು ಮಾಕ್-ಅಪ್ ಕೇಳಿ. ಹಲ್ಲಿನ ಮೇಲೆ ತಾತ್ಕಾಲಿಕ ವಸ್ತು ಕೂರಿಸಿ ಹೊಸ ಉದ್ದ, ಆಕಾರ ತೋರಿಸುತ್ತಾರೆ. ಕನ್ನಡಿ ನೋಡುವುದಷ್ಟೇ ಅಲ್ಲ, ಮಾತಾಡಿ. ‘ಐವತ್ತು, ಅರವತ್ತು, ಫೋನು, ಫೈಲು’ ಅನ್ನಿ. ವ, ಫ ಹೇಳುವಾಗ ಮೇಲಿನ ಹಲ್ಲಿನ ತುದಿ ಕೆಳತುಟಿಗೆ ಹಗುರವಾಗಿ ತಾಗಬೇಕು. ಒತ್ತುತ್ತಿದ್ದರೆ ಹಲ್ಲು ಉದ್ದವಾಗಿದೆ. ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ಆರಿಸಿ. ಹಲ್ಲಿನ ಬಣ್ಣಗಳ ಮಾದರಿ ಪಟ್ಟಿಯಾದ ಶೇಡ್ ಗೈಡಿನಲ್ಲಿ ಬಿಎಲ್1 ಅಂತ ಬರುವ ಬ್ಲೀಚ್ ಬಣ್ಣ ಹಲ್ಲಿಗಿಂತ ಮೊದಲೇ ಕಣ್ಣಿಗೆ ಹೊಡೆಯುತ್ತದೆ. ಎ1 ನಮ್ಮ ಮೈಬಣ್ಣಕ್ಕೆ ಧಾರಾಳ ಬಿಳಿ.

ಒಸಡು, ಅಲೈನರ್

ಕಪ್ಪು ಒಸಡನ್ನು ಲೇಸರಿನಿಂದ ಗುಲಾಬಿ ಮಾಡುವ ಜಾಹೀರಾತು ಈಚೆಗೆ ಜಾಸ್ತಿಯಾಗಿದೆ. ನಮ್ಮ ಕಡೆಯವರ ಒಸಡಿನಲ್ಲಿ ಮೆಲನಿನ್ ಇರುವುದು ಸಹಜ, ಅದು ಕಾಯಿಲೆಯಲ್ಲ. ಲೇಸರ್ ಮಾಡಿಸಿದರೆ ವಾರದ ಮಟ್ಟಿಗೆ ಖಾರ, ಬಿಸಿ ತಿನ್ನಲಾಗುವುದಿಲ್ಲ. ಬಣ್ಣ ಕಾಲಕ್ರಮೇಣ ಮರಳಬಹುದು. ಒಸಡು ಕೆಂಪಗೆ ಊದಿ ರಕ್ತ ಬರುತ್ತಿದ್ದರೆ ಮಾತ್ರ ತಡ ಮಾಡಬೇಡಿ.

ಹಲ್ಲು ಸೊಟ್ಟ ಇದ್ದರೆ ಕೆತ್ತಿ ನೇರ ಮಾಡುವುದಲ್ಲ, ಸರಿಸಿ ನೇರ ಮಾಡುವುದು ಸರಿ ದಾರಿ. ಕ್ಲಿಪ್ಪಿಗೂ ಅಲೈನರಿಗೂ (ಹಲ್ಲು ಸರಿಸುವ ಪಾರದರ್ಶಕ ಟ್ರೇ) ತಿಂಗಳುಗಟ್ಟಲೆ ಬೇಕು. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಮುಗಿದ ಮೇಲೂ ಹಲ್ಲು ಹಿಂದಕ್ಕೆ ಸರಿಯದಂತೆ ಹಿಡಿಯುವ ರಿಟೇನರ್ ರಾತ್ರಿ ತಪ್ಪುವುದಿಲ್ಲ. ಎಕ್ಸ್-ರೇ ತೆಗೆಯದೆ, ಡಾಕ್ಟರು ಮುಖ ನೋಡದೆ ಅಂಚೆಯಲ್ಲಿ ಅಲೈನರ್ ಕಳಿಸುವ ವ್ಯವಹಾರ ಬೇಡ. ಅಮೆರಿಕದಲ್ಲಿ ಈ ಮಾದರಿಯ ದೊಡ್ಡ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ನಡುದಾರಿಯಲ್ಲಿದ್ದ ರೋಗಿಗಳು ಅಲ್ಲೇ ಉಳಿದರು.

ಮದುವೆ ತಾರೀಕು ಇಟ್ಟುಕೊಂಡು ಬರುವವರಿಗೆ

ಅವಸರವೇ ಹಲ್ಲಿನ ದೊಡ್ಡ ಶತ್ರು. ಮದುವೆಗೆ ಹತ್ತು ದಿನ ಇರುವಾಗ ಬಂದವರಿಗೆ ಕ್ಯಾಪ್ ಬಿಟ್ಟು ಬೇರೆ ತೋರಿಸುವುದೇ ಕಷ್ಟವಾಗುತ್ತದೆ. ನಿಶ್ಚಿತಾರ್ಥ ಆದ ಕೂಡಲೇ, ಕಡೇ ಪಕ್ಷ ಮೂರು ತಿಂಗಳು ಮುಂಚೆ ಹೋಗಿ. ಕ್ಲೀನಿಂಗ್, ಹುಳುಕಿದ್ದರೆ ತಾತ್ಕಾಲಿಕ ಫಿಲ್ಲಿಂಗ್, ಮೂರು ವಾರ ಬ್ಲೀಚಿಂಗ್, ಎರಡು ವಾರ ಬಿಡುವು, ಆಮೇಲೆ ಕಲೆ ತೆಗೆಯುವ ಕೆಲಸ ಅಥವಾ ಬಾಂಡಿಂಗ್. ಇಷ್ಟಕ್ಕೆ ಸಮಯ ಸಾಕು. ಆಗಲೂ ತೃಪ್ತಿ ಇಲ್ಲದಿದ್ದರೆ ವೆನಿಯರ್ ಮುಂದಿನ ವರ್ಷವೂ ಸಿಗುತ್ತದೆ.

ಎಷ್ಟು ಸವೆಸುತ್ತೀರಿ, ಕೆಟ್ಟರೆ ಏನು ಮಾಡುತ್ತೀರಿ, ಇದಕ್ಕಿಂತ ಕಡಿಮೆ ಸವೆಸುವ ದಾರಿ ನನ್ನ ಹಲ್ಲಿಗೆ ಯಾಕೆ ಆಗುವುದಿಲ್ಲ: ಈ ಮೂರನ್ನು ಕೇಳಿ, ಉತ್ತರ ಬರೆಸಿಕೊಳ್ಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಡಾಕ್ಟರ ಹೆಸರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು, ಕ್ಲಿನಿಕ್ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಬರೀ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ದುಡ್ಡಿನ ಅಡಚಣೆ ಇದ್ದವರು ದಂತ ಕಾಲೇಜಿಗೆ ಹೋಗಿ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಬೆಂಗಳೂರು, ಬಳ್ಳಾರಿಗಳಲ್ಲಿ ಸರ್ಕಾರದವೇ ಇವೆ. ಕೆಲಸ ನಿಧಾನ, ನಾಲ್ಕಾರು ಸಲ ಓಡಾಡಬೇಕು. ಆದರೆ ಸ್ನಾತಕೋತ್ತರ ವಿದ್ಯಾರ್ಥಿ ಮಾಡುವ ಪ್ರತಿ ಹೆಜ್ಜೆಯನ್ನು ಪಕ್ಕದಲ್ಲಿ ಪ್ರೊಫೆಸರು ನೋಡುತ್ತಾರೆ, ಶುಲ್ಕ ಹೊರಗಿಗಿಂತ ಬಹಳ ಕಡಿಮೆ, ಪ್ಯಾಕೇಜ್ ಮಾರುವ ಒತ್ತಡ ಇರುವುದಿಲ್ಲ.

ಊರಿನಲ್ಲಿ ಎಂಟು ವರ್ಷದೊಳಗಿನ ತಮ್ಮ ತಂಗಿಯರು, ಅಕ್ಕನ ಮಕ್ಕಳು ಇದ್ದರೆ ಈಗಲೇ ಮನೆಗೆ ಫೋನ್ ಮಾಡಿ ಒಂದು ವಿಷಯ ಹೇಳಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಅದರ ಬಹುಪಾಲನ್ನು ತೆಗೆಯುತ್ತದೆ. ಬಹಳ ಮನೆಗಳಲ್ಲಿ ಘಟಕದ ಕ್ಯಾನ್ ನೀರು ಕುಡಿಯಲಿಕ್ಕೆ ಮಾತ್ರ, ಅನ್ನ, ಬೇಳೆ, ಟೀ ಎಲ್ಲ ಕೊಳವೆಬಾವಿ ನೀರಲ್ಲೇ. ಮಕ್ಕಳಿಗೆ ಮಾಡುವ ಅಡುಗೆಗೂ ಕ್ಯಾನ್ ನೀರನ್ನೇ ಹಾಕಲಿ.